ಹೇಳಿದರೆ ಡೇಟಾ ಕೆಡುತ್ತದೆ: ಕಾಸರಗೋಡಿನ ಒಂದು ಮದುವೆ ಮಾತುಕತೆಯ ಪ್ರಕರಣ

ಈ ಪ್ರಕರಣದಲ್ಲಿ ಇಬ್ಬರು ವಿಜ್ಞಾನಿಗಳಿದ್ದಾರೆ. ಹುಡುಗನಿಗೆ ಮೂವತ್ತೆರಡು ವರ್ಷ. ತೆಂಗಿನ ಬೆಳೆಯ ಮೇಲೆ ಸಂಶೋಧನೆ ಮಾಡುತ್ತಾನೆ. ಮನೆ ಬದಿಯಡ್ಕದ ಕಡೆ. ತಂದೆ ಇಲ್ಲ. ತಾಯಿ ಇದ್ದಾರೆ, ಸ್ವಲ್ಪ ಅಡಿಕೆ ತೋಟ ಇದೆ. ಹುಡುಗಿಗೆ ಇಪ್ಪತ್ತೊಂಬತ್ತು. ಎಣ್ಮಕಜೆ ಪಂಚಾಯತಿನವಳು, ಮನೆ ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ. ಮಣ್ಣಿನ ಬ್ಯಾಕ್ಟೀರಿಯಾಗಳ ಮೇಲೆ ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದಳು. ನೆಂಟರ ಮೂಲಕ ಸಂಬಂಧ ಬಂತು. ಎರಡೂ ಮನೆಯವರು, "ಮೊದಲು ಅವರಿಬ್ಬರು ಮಾತಾಡಿ ನೋಡಲಿ" ಎಂದರು.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ಹುಡುಗ ನನ್ನ ಹಳೇ ವಿದ್ಯಾರ್ಥಿ. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಇಂಥ ಜೋಡಿಗಳು ಅಪರೂಪವೇನೂ ಅಲ್ಲ. ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ. ಉದ್ದ ತಳಿ ಮತ್ತು ಗಿಡ್ಡ ತಳಿ ಸೇರಿಸಿ ತೆಂಗಿನ ಮೊದಲ ಹೈಬ್ರಿಡ್ ಮಾಡಿದ್ದು ನಮ್ಮ ನೀಲೇಶ್ವರದಲ್ಲಿ, 1932ರಲ್ಲಿ. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಬಂತು. ತೋಟದ ಮನೆಗಳಲ್ಲಿ ಬೆಳೆದ ಎಷ್ಟೋ ಮಕ್ಕಳು ಈಗ ಲ್ಯಾಬುಗಳಲ್ಲಿದ್ದಾರೆ. ಮನೆಯಲ್ಲಿ ಜಾತಕ ನೋಡುತ್ತಾರೆ, ಇವರು ಎಕ್ಸೆಲ್ ನೋಡುತ್ತಾರೆ. ಪ್ರೀತಿಗೆಲ್ಲ ಲೆಕ್ಕ ಹಾಕಬಾರದು ಎನ್ನುವವರು ಜಾಸ್ತಿ. ನಾನು ಹಾಗೆ ಹೇಳುವುದಿಲ್ಲ. ಲೆಕ್ಕ ಹಾಕಬಹುದು, ಪ್ರಯೋಗವನ್ನೂ ಮಾಡಬಹುದು. ಆದರೆ ಯಾರ ಮೇಲೆ ಪ್ರಯೋಗವೋ ಅವರನ್ನು ಮೊದಲು ಕೇಳಬೇಕು. ಈ ಪ್ರಕರಣ ಹಾಳಾದದ್ದೂ ಅಲ್ಲೇ, ಸರಿಯಾದದ್ದೂ ಅಲ್ಲೇ.

ನೂರು ಅಂಕದ ಶೀಟು

ಹುಡುಗಿಯನ್ನು ನೋಡುವ ಮೊದಲೇ ಅವನ ಹತ್ತಿರ ಒಂದು ಶೀಟು ತಯಾರಿತ್ತು. ಓದು, ಊರಿನ ದೂರ, ಮನೆಯ ಭಾಷೆ, ಊಟದ ಪದ್ಧತಿ, ಕೆಲಸ, ತಾಯಿಯ ಜೊತೆ ಹೊಂದಿಕೊಳ್ಳುವ ಸಾಧ್ಯತೆ, ಹೀಗೆ ಒಂದೊಂದಕ್ಕೂ ಒಂದು ಕಾಲಂ. ಒಂದೊಂದಕ್ಕೂ ಬೇರೆ ಬೇರೆ ತೂಕ. ಒಟ್ಟು ನೂರು ಅಂಕ. ಅತಿ ಹೆಚ್ಚು ತೂಕ ತಾಯಿಯ ಕಾಲಂಗೆ. ಬಂದ ಸಂಬಂಧಗಳ ವಿವರ ಕೇಳಿ, ಫೋಟೋ ನೋಡಿ, ಒಮ್ಮೆ ಫೋನಲ್ಲಿ ಮಾತಾಡಿ ಅಂಕ ತುಂಬಿಸುತ್ತಿದ್ದ.

ಇದು ಹೊಸ ಕೆಲಸವೇನಲ್ಲ. ಚಾರ್ಲ್ಸ್ ಡಾರ್ವಿನ್ 1838ರಲ್ಲಿ ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ, ಮದುವೆಯಾದರೆ ಏನು, ಆಗದಿದ್ದರೆ ಏನು ಎಂದು ಬರೆದಿಟ್ಟಿದ್ದ. ಪುಸ್ತಕಕ್ಕೆ ದುಡ್ಡು ಕಡಿಮೆಯಾಗುತ್ತದೆ, ಸಮಯ ಹಾಳಾಗುತ್ತದೆ ಎಂಬುದೂ ಅದರಲ್ಲಿತ್ತು. ಕೊನೆಗೆ ಮದುವೆಯಾಗಬೇಕು ಎಂದೇ ತೀರ್ಮಾನಿಸಿ, 1839ರ ಜನವರಿಯಲ್ಲಿ ಎಮ್ಮಾಳನ್ನು ಮದುವೆಯಾದ. ಗ್ರಹಗಳ ದಾರಿಯನ್ನು ಲೆಕ್ಕ ಹಾಕಿದ ಕೆಪ್ಲರ್ ಇನ್ನೂ ಮುಂದೆ ಹೋದವನು. 1611ರಲ್ಲಿ ಮೊದಲ ಹೆಂಡತಿ ತೀರಿಕೊಂಡ ಮೇಲೆ ಹನ್ನೊಂದು ಸಂಬಂಧಗಳನ್ನು ಒಂದೊಂದಾಗಿ ತೂಗಿ ನೋಡಿದ. ಅದನ್ನೆಲ್ಲ ಒಂದು ಪತ್ರದಲ್ಲಿ ಬರೆದೂ ಇಟ್ಟ. ನಾಲ್ಕನೆಯವಳ ಕಡೆ ಗೆಳೆಯರ ಒಲವಿತ್ತು. ಇವನು ತಡ ಮಾಡಿದ, ಅವಳು ಇವನನ್ನು ಬೇಡ ಎಂದಳು. ಕೊನೆಗೆ ಐದನೆಯವಳಾದ ಸುಸಾನಾಳನ್ನು 1613ರಲ್ಲಿ ಮದುವೆಯಾದ. ಹನ್ನೊಂದು ಜನರನ್ನು ಇವನು ತೂಗುತ್ತಿದ್ದಾಗ ಅವರೂ ಇವನನ್ನು ತೂಗುತ್ತಿದ್ದರು ಎನ್ನುವುದು ಆ ನಾಲ್ಕನೆಯವಳಿಂದ ಗೊತ್ತಾಗುತ್ತದೆ.

ಹುಡುಗ ಶೀಟಿನ ಜೊತೆ ಒಂದು ಗಣಿತದ ನಿಯಮವನ್ನೂ ಇಟ್ಟುಕೊಂಡಿದ್ದ. ಬರುವ ಸಂಬಂಧಗಳಲ್ಲಿ ಮೊದಲ ನೂರಕ್ಕೆ 37ರಷ್ಟನ್ನು ಸುಮ್ನೆ ನೋಡಿ ಬಿಡಬೇಕು. ಆಮೇಲೆ, ಅದುವರೆಗಿನ ಎಲ್ಲರಿಗಿಂತ ಉತ್ತಮ ಅನ್ನಿಸಿದ ಮೊದಲನೆಯದನ್ನು ಒಪ್ಪಬೇಕು. ಗಣಿತ ಸರಿಯಾಗಿಯೇ ಇದೆ. ಹಾಗೆ ಮಾಡಿದರೆ ಅತ್ಯುತ್ತಮವಾದದ್ದು ಸಿಗುವ ಸಾಧ್ಯತೆಯೂ ನೂರಕ್ಕೆ ಸುಮಾರು 37ರಷ್ಟು. ಆದರೆ ಆ ಲೆಕ್ಕಕ್ಕೆ ಕೆಲವು ಷರತ್ತುಗಳಿವೆ. ಒಟ್ಟು ಎಷ್ಟು ಜನ ಬರುತ್ತಾರೆ ಎಂದು ಮೊದಲೇ ಗೊತ್ತಿರಬೇಕು. ಬಿಟ್ಟವರ ಹತ್ತಿರ ಮತ್ತೆ ಹೋಗುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಒಪ್ಪಿದವರು ನಿಮ್ಮನ್ನು ಬೇಡ ಅನ್ನುವುದೇ ಇಲ್ಲ ಎಂದು ಅದು ಹಿಡಿದುಕೊಂಡಿರುತ್ತದೆ. ಕೆಪ್ಲರನ ನಾಲ್ಕನೆಯವಳು ಆ ಲೆಕ್ಕದಲ್ಲಿ ಇಲ್ಲ. ಎರಡೂ ಕಡೆಯವರ ಇಷ್ಟವನ್ನು ಸೇರಿಸಿ ಮಾಡಿದ ಲೆಕ್ಕ ಬೇರೆ ಇದೆ, 1962ರಲ್ಲಿ ಗೇಲ್ ಮತ್ತು ಶೇಪ್ಲಿ ಕೊಟ್ಟದ್ದು. ಅದರಲ್ಲಿ ಪ್ರಸ್ತಾಪ ಮಾಡುವ ಕಡೆಯವರಿಗೆ ಲಾಭ ಜಾಸ್ತಿ, ಪ್ರಸ್ತಾಪಕ್ಕೆ ಕಾದು ಕುಳಿತವರಿಗೆ ಕಡಿಮೆ ಎಂದು ತೋರಿಸಬಹುದು. ಹೆಣ್ಣು ನೋಡಲು ಗಂಡಿನ ಕಡೆಯವರೇ ಹೋಗುವ ನಮ್ಮ ಪದ್ಧತಿಯ ಬಗ್ಗೆ ಅದು ಬಹಳ ಹೇಳುತ್ತದೆ.

ಇನ್ನೊಂದು ಮಾತು. ಜಾತಕ ನೋಡುವವರು ಹೇಳುವ ಅಷ್ಟಕೂಟದಲ್ಲಿ ಎಂಟು ಕೂಟಗಳಿವೆ. ವರ್ಣಕ್ಕೆ 1, ವಶ್ಯಕ್ಕೆ 2, ಹೀಗೆ ಏರುತ್ತಾ ನಾಡಿಗೆ 8, ಒಟ್ಟು 36. ಹದಿನೆಂಟರ ಮೇಲೆ ಬಂದರೆ ಆಗಬಹುದು ಎನ್ನುತ್ತಾರೆ. ಬೇರೆ ಬೇರೆ ತೂಕದ ಕಾಲಂಗಳು, ಒಟ್ಟು ಮೊತ್ತ, ಪಾಸಾಗಲು ಒಂದು ಗೆರೆ. ಹುಡುಗನಿಗೆ ಜಾತಕದಲ್ಲಿ ನಂಬಿಕೆ ಇರಲಿಲ್ಲ. ಆದರೆ ಅವನು ಕಟ್ಟಿದ್ದು ಅದೇ ಚೌಕಟ್ಟು. ಇಬ್ಬರು ಎದುರು ಕೂತು ಮಾತಾಡುವ ಮೊದಲೇ ಅವರಿಬ್ಬರ ಮುಂದಿನ ಬಾಳಿಗೆ ಅಂಕ ಕೊಡುವ ಚೌಕಟ್ಟು.

ಈ ಚೌಕಟ್ಟು ಎಲ್ಲಿ ಸೋಲುತ್ತದೆ ಎಂದು ತೋರಿಸಿದ ಒಂದು ಒಳ್ಳೆಯ ಅಧ್ಯಯನ 2017ರಲ್ಲಿ ಬಂತು. ಸಮಂತಾ ಜೋಯೆಲ್, ಈಸ್ಟ್‌ವಿಕ್ ಮತ್ತು ಫಿಂಕೆಲ್ ಸೇರಿ ಮಾಡಿದ್ದು. ಪರಿಚಯವಿಲ್ಲದ ಯುವಕ ಯುವತಿಯರು ಮುಖಾಮುಖಿಯಾಗುವ ಮೊದಲೇ ಒಬ್ಬೊಬ್ಬರಿಂದ ನೂರಕ್ಕೂ ಹೆಚ್ಚು ವಿಷಯಗಳನ್ನು ಕೇಳಿ ಪಡೆದರು. ಸ್ವಭಾವ, ಇಷ್ಟಾನಿಷ್ಟ, ಎಂಥವರು ಬೇಕು, ಎಲ್ಲ. ಆಮೇಲೆ ಒಬ್ಬೊಬ್ಬರೂ ಹಲವರ ಜೊತೆ ಕೆಲವು ನಿಮಿಷ ಮಾತಾಡಿದರು. ಸಾಮಾನ್ಯವಾಗಿ ಯಾರು ಎಲ್ಲರಿಗೂ ಇಷ್ಟವಾಗುತ್ತಾರೆ, ಯಾರು ಎಲ್ಲರನ್ನೂ ಇಷ್ಟಪಡುತ್ತಾರೆ ಎನ್ನುವುದನ್ನು ಕಂಪ್ಯೂಟರ್ ಸ್ವಲ್ಪ ಮಟ್ಟಿಗೆ ಹೇಳಿತು. ಆದರೆ ಈ ಹುಡುಗನಿಗೆ ವಿಶೇಷವಾಗಿ ಈ ಹುಡುಗಿಯೇ ಯಾಕೆ ಇಷ್ಟವಾದಳು ಎನ್ನುವುದನ್ನು ಅದು ಹೇಳಲಾರದೆ ಹೋಯಿತು. ನೂರು ಕಾಲಂ ಇದ್ದರೂ ಆಗಲಿಲ್ಲ. ಶೀಟು ಕೆಲಸಕ್ಕೆ ಬಾರದ್ದು ಎಂದು ಇದರ ಅರ್ಥ ಅಲ್ಲ. ಬೇಡವಾದದ್ದನ್ನು ದೂರ ಇಡಲು ಅದು ಸಾಕು. ಕುಡುಕನ ಮನೆ ಬೇಡ, ಓದು ಬಿಡಿಸುವ ಮನೆ ಬೇಡ, ಇಂಥದ್ದಕ್ಕೆ. ಬೇಕಾದವರನ್ನು ಹುಡುಕಿ ಕೊಡುವ ಶಕ್ತಿ ಅದಕ್ಕಿಲ್ಲ.

ಹೇಗೂ ಈ ಹುಡುಗಿಗೆ ಒಳ್ಳೆಯ ಅಂಕ ಬಂತು. ನಿಯಮದ ಪ್ರಕಾರ ಬಿಡಬೇಕಾದವರ ಸಾಲು ಮುಗಿದ ಮೇಲೆ ಬಂದವಳು ಅವಳು. ಇಬ್ಬರೂ ಕುಂಬಳೆಯಲ್ಲಿ ಒಂದು ಹೋಟೆಲಿನಲ್ಲಿ ಕೂತು ಎರಡು ಗಂಟೆ ಮಾತಾಡಿದರು. ಅವನಿಗೆ ಬಹಳ ಇಷ್ಟವಾಯಿತು. ಇಷ್ಟವಾದದ್ದೇ ಅವನಿಗೆ ಸಮಸ್ಯೆಯಾಯಿತು.

ಟಾಸ್ ಹಾಕಿದ ದಿನಗಳು

ಅವನಿಗೆ ಬಂದ ಸಂಶಯ ಸಣ್ಣದಲ್ಲ. ಅವಳು ತನ್ನನ್ನು ನಿಜವಾಗಿ ಮೆಚ್ಚಿದ್ದಾಳಾ, ಅಥವಾ ಮನೆಯವರ ಒತ್ತಾಯಕ್ಕೆ ನಗುತ್ತಿದ್ದಾಳಾ? ಹುಡುಗಿಯರಿಗೆ ವಯಸ್ಸಾಯಿತು ಎಂದು ನಮ್ಮ ಕಡೆ ಎಷ್ಟು ಕಾಟ ಕೊಡುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಆ ಪ್ರಶ್ನೆ ಹುಟ್ಟಿದ್ದು ಒಳ್ಳೆಯ ಮನಸ್ಸಿನಿಂದಲೇ. ಉತ್ತರ ಹುಡುಕಲು ಹಿಡಿದ ದಾರಿ ತಪ್ಪಾಯಿತು.

ಪ್ರತಿದಿನ ಬೆಳಿಗ್ಗೆ ಟಾಸ್ ಹಾಕುತ್ತಿದ್ದ. ಹೆಡ್ ಬಿದ್ದರೆ ಅವನೇ ಮೊದಲು ವಾಟ್ಸ್‌ಆಪ್ ಮೆಸೇಜ್ ಕಳಿಸುವುದು, ದಿನವಿಡೀ ಚೆನ್ನಾಗಿ ಮಾತಾಡುವುದು. ಟೇಲ್ ಬಿದ್ದರೆ ಅವನಾಗಿ ಏನೂ ಕಳಿಸದೆ ಇರುವುದು, ಅವಳು ಕಳಿಸಿದರೆ ಎರಡು ಮೂರು ಗಂಟೆ ಬಿಟ್ಟು ಒಂದು ಶಬ್ದದ ಉತ್ತರ ಕೊಡುವುದು. ಅವಳು ಎಷ್ಟು ಹೊತ್ತಿಗೆ ಉತ್ತರ ಕೊಟ್ಟಳು, ಎಷ್ಟು ಶಬ್ದ ಬರೆದಳು, ತಾನಾಗಿ ಎಷ್ಟು ಸಲ ಮಾತು ಶುರು ಮಾಡಿದಳು, ಎಲ್ಲವೂ ಶೀಟಿಗೆ. ಗದ್ದೆಯಲ್ಲಿ ಯಾವ ಪ್ಲಾಟಿಗೆ ಯಾವ ಟ್ರೀಟ್‌ಮೆಂಟ್, ಅಂದರೆ ಯಾವ ತುಂಡಿಗೆ ಯಾವ ಗೊಬ್ಬರ ಎಂದು ಚೀಟಿ ಎತ್ತಿ ನಿರ್ಧರಿಸುವುದನ್ನು ನಾನೇ ಅವನಿಗೆ ಕಲಿಸಿದ್ದು. ಸಂಖ್ಯಾಶಾಸ್ತ್ರಜ್ಞ ಫಿಶರ್ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹುಟ್ಟುಹಾಕಿದ ಆ ವಿಧಾನದ ಮೇಲೆ ನನಗೆ ತುಂಬ ಗೌರವ ಇದೆ. ಗೋಧಿ ಗಿಡಕ್ಕೆ ಅದು ಸರಿ. ಯಾಕೆ ಇವತ್ತು ಗೊಬ್ಬರ ಬರಲಿಲ್ಲ ಎಂದು ಗೋಧಿ ಗಿಡ ರಾತ್ರಿ ಕೂತು ಯೋಚಿಸುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಮಳೆ ಶುರುವಾದ ಮೇಲೆ ಅವಳನ್ನೂ ಅವಳ ತಂಗಿಯನ್ನೂ ರಾಣಿಪುರಂ ಗುಡ್ಡ ಹತ್ತಲು ಕರೆದುಕೊಂಡು ಹೋದ. ಅದರ ಹಿಂದೆ 1974ರ ಒಂದು ಪ್ರಸಿದ್ಧ ಪ್ರಯೋಗ ಇತ್ತು. ಕೆನಡಾದ ವ್ಯಾಂಕೂವರ್ ಬಳಿ ಕ್ಯಾಪಿಲಾನೋ ಎಂಬ ತೂಗುಸೇತುವೆ ಇದೆ, ಕೆಳಗಿನ ಹೊಳೆಯಿಂದ ಸುಮಾರು 70 ಮೀಟರ್ ಎತ್ತರ. ಮನಶ್ಶಾಸ್ತ್ರಜ್ಞರಾದ ಡಟನ್ ಮತ್ತು ಆರನ್ ಅಲ್ಲಿ ಒಬ್ಬ ಯುವತಿಯನ್ನು ನಿಲ್ಲಿಸಿ, ದಾಟಿ ಬರುವ ಗಂಡಸರಿಗೆ ಕೆಲವು ಪ್ರಶ್ನೆ ಕೇಳಿಸಿ ಫೋನ್ ನಂಬರ್ ಕೊಡಿಸಿದರು. ನಂಬರ್ ತೆಗೆದುಕೊಂಡ 18 ಮಂದಿಯಲ್ಲಿ 9 ಮಂದಿ ಆಮೇಲೆ ಫೋನ್ ಮಾಡಿದರು. ಗಟ್ಟಿಯಾದ, ತಗ್ಗಿನ ಸೇತುವೆಯಲ್ಲಿ ನಂಬರ್ ಪಡೆದ 16ರಲ್ಲಿ ಇಬ್ಬರು ಮಾತ್ರ. ಹೆದರಿಕೆಯಿಂದ ಎದೆ ಬಡಿದುಕೊಂಡದ್ದನ್ನು ಜನ ಆಕರ್ಷಣೆ ಎಂದು ತಿಳಿದರು ಎನ್ನುವುದು ಅವರ ವಾದ. ನಮ್ಮ ಹುಡುಗ ಲೆಕ್ಕ ಹಾಕಿದ್ದು ಇದನ್ನೇ. ಜಾರುವ ದಾರಿ, ಜಿಗಣೆ, ಮೇಲೆ ಗಾಳಿ. ಅವಳಿಗೆ ಗುಡ್ಡ ಇಷ್ಟವಾಯಿತು. ಮರುದಿನ ಟೇಲ್ ಬಿತ್ತು.

ಅದು ನನಗೆ ಕೇಳಿದಾಗ ಬಹಳ ಬೇಸರವಾದ ಭಾಗ. ಒಂದು ಹಗಲು ಪೂರ್ತಿ ಜೊತೆಗೆ ನಡೆದು, ಮರುದಿನ ಒಂದು ಶಬ್ದವೂ ಇಲ್ಲ ಎಂದರೆ ಯಾರಿಗಾದರೂ ಏನನ್ನಿಸಬೇಕು?

ಸುಮಾರು ಎರಡು ತಿಂಗಳ ಡೇಟಾ ಸೇರಿದ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನಲ್ಲಿಗೆ ಬಂದ. "ಸರ್, ಇದಕ್ಕೆ ಯಾವ ಟೆಸ್ಟ್ ಹಾಕಬೇಕು?" ಎಂದ. ನಾನು ಕಾಲಂಗಳನ್ನು ನೋಡಿ ಕೇಳಿದೆ, "ಇದು ಅವಳಿಗೆ ಗೊತ್ತುಂಟಾ?"

"ಇಲ್ಲ ಸರ್. ಹೇಳಿದರೆ ಡೇಟಾ ಕೆಡುತ್ತದೆ."

ಅವನು ಹೇಳಿದ್ದು ವಿಧಾನದ ಮಟ್ಟಿಗೆ ನಿಜ. ತನ್ನನ್ನು ಗಮನಿಸುತ್ತಿದ್ದಾರೆ ಎಂದು ಗೊತ್ತಾದರೆ ಮನುಷ್ಯ ಬೇರೆ ಥರ ನಡೆದುಕೊಳ್ಳುತ್ತಾನೆ. ಅದಕ್ಕೇ ಔಷಧದ ಪ್ರಯೋಗಗಳಲ್ಲಿ ಯಾರಿಗೆ ಯಾವ ಮಾತ್ರೆ ಎಂದು ಮುಚ್ಚಿಡುತ್ತಾರೆ. ಆದರೆ ಅಲ್ಲಿ ಮುಚ್ಚಿಡುವುದು ಮಾತ್ರೆಯನ್ನು ಮಾತ್ರ. ನೀವು ಪ್ರಯೋಗದಲ್ಲಿ ಇದ್ದೀರಿ, ಯಾವಾಗ ಬೇಕಾದರೂ ಹೊರಗೆ ಬರಬಹುದು ಎಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿರುತ್ತಾರೆ. ಮನುಷ್ಯರ ಮೇಲಿನ ಪ್ರಯೋಗಗಳಿಗೆ ಮಾಡಿದ 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ನಿಯಮವೇ ಒಪ್ಪಿಗೆ ಪಡೆಯಬೇಕು ಎನ್ನುವುದು. ಆ ಡೇಟಾಕ್ಕೆ ನಾನು ಯಾವ ಟೆಸ್ಟನ್ನೂ ಹಾಕಲಿಲ್ಲ. "ಇದನ್ನು ಮೊದಲು ಅವಳಿಗೆ ತೋರಿಸು. ಅವಳು ಒಪ್ಪಿದರೆ ನನ್ನ ಹತ್ತಿರ ಬಾ" ಎಂದೆ.

ಅವಳು ಹೇಳಿದ್ದು

ಅವನು ತೋರಿಸಿದ. ವಾರ ಕಳೆದು ಇಬ್ಬರೂ ಬಂದರು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಸಿಟ್ಟು ಇತ್ತು, ಆದರೆ ಮಾತು ನೇರವಾಗಿತ್ತು.

ಆ ಎರಡು ತಿಂಗಳು ಅವಳ ಕಡೆ ಏನು ನಡೆದಿತ್ತು ಎಂದು ಶೀಟಿನಲ್ಲಿ ಎಲ್ಲೂ ಇರಲಿಲ್ಲ. ಮಾತಿಲ್ಲದ ದಿನಗಳನ್ನು ಅವಳೂ ಗಮನಿಸಿದ್ದಳು. ಬೇರೆ ಸಂಬಂಧ ಬಂದಿರಬಹುದು ಅಂದುಕೊಂಡಳು. ತಾಯಿಗೆ ಹುಷಾರಿಲ್ಲವೇನೋ ಅಂದುಕೊಂಡಳು. ತಾನು ಹಿಂದಿನ ದಿನ ಏನಾದರೂ ತಪ್ಪು ಹೇಳಿದೆನೇನೋ ಎಂದು ಮೆಸೇಜುಗಳನ್ನೆಲ್ಲ ಮತ್ತೆ ಓದಿದಳು. ನಿದ್ದೆ ಬರಲಿಲ್ಲ. ಥೀಸಿಸ್ ಬರೆಯಬೇಕಾದ ದಿನಗಳು ಅವು. ಇವನ ಶೀಟಿನಲ್ಲಿ ಅದೆಲ್ಲ "ಉತ್ತರದ ಸಮಯ: ನಾಲ್ಕು ನಿಮಿಷ" ಎಂದು ದಾಖಲಾಗಿತ್ತು. ಬೇಗ ಉತ್ತರಿಸಿದಳು, ಹಾಗಾಗಿ ಪ್ರೀತಿ ಇದೆ ಎಂದು ಅವನು ಓದಿದ್ದ. ಅವಳು ಬೇಗ ಉತ್ತರಿಸಿದ್ದು ಆತಂಕದಿಂದ.

ಅವಳ ಮೊದಲ ಆಕ್ಷೇಪ ಇದೇ. ಅಳೆದದ್ದು ಪ್ರೀತಿಯನ್ನಲ್ಲ.

ಎರಡನೆಯದು ಪೂರ್ತಿ ಲ್ಯಾಬಿನ ಮಾತು. "ನಿನ್ನೆಯ ದಿನ ಇವತ್ತಿನ ದಿನಕ್ಕೆ ಅಂಟಿಕೊಂಡಿರುತ್ತದೆ. ನಿನ್ನೆ ನೀನು ಮಾತಾಡದಿದ್ದರೆ ಇವತ್ತು ನಾನು ಬೇರೆಯವಳೇ. ಒಂದೊಂದು ದಿನವನ್ನೂ ಬೇರೆ ಪ್ಲಾಟ್ ಅಂತ ಹೇಗೆ ಎಣಿಸಿದೆ?" ಎಂದು ಅವನನ್ನು ಕೇಳಿದಳು. ಒಂದು ಟ್ರೀಟ್‌ಮೆಂಟಿನ ಪರಿಣಾಮ ಮುಂದಿನದಕ್ಕೆ ಹರಿದು ಹೋಗುವುದು ನಮ್ಮ ಶಾಸ್ತ್ರದಲ್ಲಿ ಹಳೇ ತೊಂದರೆ. ಹಸುಗಳ ಮೇವಿನ ಪ್ರಯೋಗದಲ್ಲಿ ಒಂದು ಮೇವು ನಿಲ್ಲಿಸಿ ಇನ್ನೊಂದು ಶುರು ಮಾಡುವ ಮೊದಲು ಕೆಲವು ದಿನ ಬಿಡುತ್ತಾರೆ. ಮನುಷ್ಯರ ಮನಸ್ಸಿನಿಂದ ಒಂದು ಮೌನ ತೊಳೆದು ಹೋಗಲು ಎಷ್ಟು ದಿನ ಬಿಡಬೇಕು? ನಾನು ಟೆಸ್ಟ್ ಹಾಕಿದ್ದರೂ ಆ ಡೇಟಾದಿಂದ ಏನೂ ಹೊರಡುತ್ತಿರಲಿಲ್ಲ.

ರಾಣಿಪುರಂ ಬಗ್ಗೆಯೂ ಅವಳಿಗೆ ಹೇಳಲಿಕ್ಕಿತ್ತು. ಎತ್ತರದ ಸೇತುವೆ ದಾಟಲು ಬಂದವರು ಯಾರು, ತಗ್ಗಿನ ಸೇತುವೆಗೆ ಬಂದವರು ಯಾರು ಎಂದು ಅಲ್ಲಿ ಚೀಟಿ ಎತ್ತಿ ನಿರ್ಧರಿಸಿದ್ದಲ್ಲ. ಧೈರ್ಯ ಇದ್ದವರು ಎತ್ತರದ್ದಕ್ಕೆ ಹೋಗಿರಬಹುದು, ಧೈರ್ಯ ಇದ್ದವರೇ ಫೋನೂ ಮಾಡಿರಬಹುದು. ಆ ಪ್ರಶ್ನೆ ಸಂಶೋಧಕರಿಗೂ ಹೊಳೆದಿತ್ತು, ಮುಂದಿನ ಪ್ರಯೋಗಗಳಲ್ಲಿ ಅದಕ್ಕೆ ಉತ್ತರ ಹುಡುಕಿದರು. "ನನಗೆ ಗುಡ್ಡ ಹತ್ತುವಾಗ ಹೆದರಿಕೆಯೇ ಆಗಲಿಲ್ಲ. ನೀನು ತಂಗಿಗೆ ಕೈ ಕೊಟ್ಟು ಹತ್ತಿಸಿದ್ದು ನೋಡಿ ಖುಷಿಯಾಯಿತು. ಅದನ್ನು ಬರೆದುಕೊಂಡಿದ್ದೀಯಾ?" ಎಂದಳು. ಅದು ಶೀಟಿನಲ್ಲಿ ಇರಲಿಲ್ಲ.

ಮೂರನೇ ಆಕ್ಷೇಪಕ್ಕೆ ಬಂದಾಗ ಅವಳ ಧ್ವನಿ ಬದಲಾಯಿತು. ಎಣ್ಮಕಜೆಯಲ್ಲಿ ಬೆಳೆದವರಿಗೆ ಕೇಳದೆ ಮಾಡುವುದು ಎಂದರೆ ಏನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಅದು ನಿಂತದ್ದು 2000ದಲ್ಲಿ. ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ಕೆಳಗೆ ಮನೆಗಳಿದ್ದವು, ನೀರಿಗೆಂದು ಗುಡ್ಡಕ್ಕೆ ಕೊರೆದ ತೆರೆದ ಸುರಂಗ, ಬಾವಿಗಳಿದ್ದವು, ಮಕ್ಕಳಿದ್ದರು. "ಇದನ್ನು ಅದಕ್ಕೆ ಹೋಲಿಸುವುದಿಲ್ಲ, ಅದು ಬಹಳ ದೊಡ್ಡದು. ಆದರೆ ನಾನು ಯಾಕೆ ಈ ವಿಷಯದಲ್ಲಿ ಇಷ್ಟು ಗಟ್ಟಿ ಅಂತ ನಿನಗೆ ಗೊತ್ತಿರಬೇಕು. ನನ್ನನ್ನು ಕೇಳದೆ ನನ್ನ ಮೇಲೆ ಯಾರೂ ಏನೂ ಪರೀಕ್ಷೆ ಮಾಡಬಾರದು," ಎಂದಳು.

ಅವನು ಕ್ಷಮೆ ಕೇಳಿದ. ಕಾರಣ ಕೊಡಲಿಲ್ಲ, ಅದು ಒಳ್ಳೆಯದಾಯಿತು.

ಸಂಬಂಧ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ. "ಪ್ರಶ್ನೆ ನನಗೂ ಉಂಟು. ಇವನು ನನ್ನನ್ನು ಸರಿಯಾಗಿ ನೋಡ್ತಾನಾ ಇಲ್ವಾ ಅಂತ ನನಗೂ ಗೊತ್ತಾಗಬೇಕು. ಪ್ರಯೋಗ ಬೇಡ ಅನ್ನುವುದಿಲ್ಲ ಸರ್. ಸರಿಯಾಗಿ ಮಾಡುವ."

ಎರಡನೇ ಪ್ರಯೋಗ

ಇದನ್ನು ಕಟ್ಟಿದ್ದು ಅವರಿಬ್ಬರು, ನಾನು ಒಂದೆರಡು ಕಡೆ ಕೈ ಹಾಕಿದೆ ಅಷ್ಟೇ. ಹುಡುಗ ಮೊದಲು ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ 36 ಪ್ರಶ್ನೆಗಳನ್ನು ತಂದ. ಮೇಲೆ ಹೇಳಿದ ಸೇತುವೆಯ ಆರನ್ ಅವರೇ ಇವರು. ಪರಿಚಯವಿಲ್ಲದ ಇಬ್ಬರು 45 ನಿಮಿಷ ಕೂತು ಹಂತ ಹಂತವಾಗಿ ಮನಸ್ಸು ಬಿಚ್ಚುವ ಪ್ರಶ್ನೆಗಳಿಗೆ ಉತ್ತರಿಸಿದರೆ, ಸುಮ್ನೆ ಹರಟೆ ಹೊಡೆದವರಿಗಿಂತ ಹೆಚ್ಚು ಹತ್ತಿರವಾದಂತೆ ಅವರಿಗೆ ಅನ್ನಿಸುತ್ತದೆ ಎಂದು ಅದು ತೋರಿಸಿತು. ಪ್ರೀತಿ ಹುಟ್ಟಿಸುವ ಮಂತ್ರ ಎಂದು ಅದು ಪ್ರಚಾರವಾದದ್ದು ಆಮೇಲೆ. ಹುಡುಗಿ ಪಟ್ಟಿಯನ್ನು ಓದಿ, "ಹತ್ತಿರವಾದಂತೆ ಅನ್ನಿಸುವುದು ಈಗಾಗಲೇ ಉಂಟು. ನಮ್ಮ ಪ್ರಶ್ನೆ ಬೇರೆ," ಎಂದಳು.

ಅವರದ್ದೇ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದರು. ಸಂಬಳ ಯಾರ ಕೈಯಲ್ಲಿ? ಸಿಟ್ಟು ಬಂದರೆ ಮಾತಾಡಬೇಕಾ, ಬಿಡಬೇಕಾ? ಮಕ್ಕಳಾದರೆ ಕನ್ನಡ ಮಾಧ್ಯಮವಾ, ಬೇರೆಯಾ? ಇದು ಕಾಸರಗೋಡಿನ ಮನೆಗಳಲ್ಲಿ ಸಣ್ಣ ಪ್ರಶ್ನೆ ಅಲ್ಲ, ಎಷ್ಟೋ ಅಣ್ಣ ತಮ್ಮಂದಿರು ಇದರ ಮೇಲೆ ಮಾತು ಬಿಟ್ಟಿದ್ದಾರೆ. ಅಡಿಕೆಗೆ ರೋಗ ಬಂದು ಸಾಲ ಆದರೆ ಏನು? ಬೇರೆ ಊರಲ್ಲಿ ಒಳ್ಳೆಯ ಕೆಲಸ ಸಿಕ್ಕಿದರೆ ಹೋಗುವುದಾ? ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳು, ಒಂದನ್ನು ಆರಿಸಬೇಕು.

ಒಬ್ಬೊಬ್ಬರೂ ತಮ್ಮ ಉತ್ತರ ಬರೆಯಬೇಕು. ಜೊತೆಗೆ ಇನ್ನೊಬ್ಬರು ಏನು ಆರಿಸುತ್ತಾರೆ ಎಂದು ಊಹಿಸಿ ಬರೆಯಬೇಕು. ಭಾನುವಾರ ಎರಡೂ ಕಾಗದಗಳನ್ನು ಒಟ್ಟಿಗೆ ತೆರೆಯುವುದು. ಯಾರಿಗೆ ಬೇಡ ಅನ್ನಿಸಿದರೂ ಕಾರಣ ಹೇಳದೆ ನಿಲ್ಲಿಸಬಹುದು. ಗುಟ್ಟಿನ ಪರೀಕ್ಷೆ ಇಲ್ಲ. ಯಾರಿಗೂ ಒಟ್ಟು ಅಂಕ ಇಲ್ಲ.

ನಾನು ಸೇರಿಸಿದ್ದು ಕಂಟ್ರೋಲ್ ಮಾತ್ರ, ಅಂದರೆ ಹೋಲಿಸಿ ನೋಡಲು ಇನ್ನೊಂದು ಊಹೆ. ಇನ್ನೊಬ್ಬರ ಉತ್ತರವನ್ನು ಸರಿಯಾಗಿ ಊಹಿಸಿದರೆ ಅವರನ್ನು ಅರಿತಿದ್ದೇವೆ ಎಂದು ಅರ್ಥವಲ್ಲ. ಮನಶ್ಶಾಸ್ತ್ರಜ್ಞ ಲೀ ಕ್ರಾನ್‌ಬಾಕ್ ಇದನ್ನು 1955ರಲ್ಲೇ ಎತ್ತಿ ತೋರಿಸಿದ್ದರು. ಈ ವಯಸ್ಸಿನ, ಈ ಊರಿನ ಹುಡುಗಿಯರು ಸಾಮಾನ್ಯವಾಗಿ ಏನು ಹೇಳುತ್ತಾರೋ ಅದನ್ನೇ ಹೇಳಿದರೂ ಎಷ್ಟೋ ಸರಿಯಾಗುತ್ತದೆ. ಹಾಗಾಗಿ ಹುಡುಗನ ಒಬ್ಬ ಸಹೋದ್ಯೋಗಿಯಿಂದಲೂ, ಇಬ್ಬರ ಒಪ್ಪಿಗೆ ಪಡೆದು, ಊಹೆ ಬರೆಸಿದೆವು. ಅವನಿಗೆ ಅವಳ ವಯಸ್ಸು, ಓದು, ಊರು ಮಾತ್ರ ಗೊತ್ತು. ಹುಡುಗಿಯನ್ನು ಅವನು ನೋಡಿಯೇ ಇಲ್ಲ. ಅವನಿಗಿಂತ ಚೆನ್ನಾಗಿ ಊಹಿಸಿದರೆ ಮಾತ್ರ ಹುಡುಗ ಅವಳನ್ನು ಕೇಳಿಸಿಕೊಂಡಿದ್ದಾನೆ ಎಂದು ಹೇಳಬಹುದು.

ಮೊದಲ ಭಾನುವಾರದ ಫಲಿತಾಂಶ ಅವನಿಗೆ ನೋವು ಕೊಟ್ಟಿತು. ಅವಳ ಬಗ್ಗೆ ಅವನ ಊಹೆ ಆ ಸಹೋದ್ಯೋಗಿಯ ಊಹೆಗಿಂತ ಉತ್ತಮವಾಗಿರಲಿಲ್ಲ. ಅವನ ಬಗ್ಗೆ ಅವಳ ಊಹೆ ಚೆನ್ನಾಗಿಯೇ ಇತ್ತು. ಎರಡು ತಿಂಗಳು ಅವನು ಅವಳ ಮೆಸೇಜಿನ ಶಬ್ದ ಎಣಿಸಿದ್ದ. ಅವಳು ಆ ಮೆಸೇಜುಗಳನ್ನು ಓದಿದ್ದಳು.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆ ಊರಿನ ಕೆಲಸದ ಪ್ರಶ್ನೆಯಲ್ಲಿ. "ಮನೆಯವರನ್ನು ಕೇಳಿ ತೀರ್ಮಾನಿಸುತ್ತಾಳೆ" ಎಂದು ಅವನು ಬರೆದಿದ್ದ. ಸಹೋದ್ಯೋಗಿಯೂ ಅದನ್ನೇ ಬರೆದಿದ್ದ. ಅವಳ ಉತ್ತರ, "ಹೋಗುತ್ತೇನೆ." ಅವನ ಸ್ವಂತ ಉತ್ತರ, "ತಾಯಿಯನ್ನು ಬಿಟ್ಟು ಹೋಗುವುದಿಲ್ಲ." ನೂರು ಅಂಕದ ಶೀಟಿನಲ್ಲಿ ಈ ಕಾಲಂ ಇರಲೇ ಇಲ್ಲ. ಜಾತಕದಲ್ಲೂ ಇಲ್ಲ.

ಅದರ ಮೇಲೆ ಜೋರು ಜಗಳವಾಯಿತು. ಪಿಎಚ್‌ಡಿ ಆದ ಮೇಲೆ ಹೊರಗೆ ಹೋಗಿ ಕೆಲಸ ಮಾಡದಿದ್ದರೆ ಇಷ್ಟು ವರ್ಷದ ಓದು ಯಾಕೆ ಎಂದು ಅವಳು. ತೋಟದಲ್ಲಿ ತಾಯಿ ಒಬ್ಬರನ್ನೇ ಬಿಟ್ಟು ಹೇಗೆ ಹೋಗಲಿ ಎಂದು ಅವನು. ಕೊನೆಗೆ ಅವಳೇ, "ಒಂದು ವಾರ ಮಾತಾಡುವುದು ಬೇಡ. ಶನಿವಾರ ಸಂಜೆ ನಾನೇ ಫೋನ್ ಮಾಡ್ತೇನೆ," ಎಂದಳು.

ಆ ವಾರದ ಬಗ್ಗೆ ನಾನು ಅವಳನ್ನು ಆಮೇಲೆ ಕೇಳಿದೆ. ಸಿಟ್ಟಿತ್ತು, ಆದರೆ ನಿದ್ದೆ ಬಂತು, ಥೀಸಿಸ್‌ನ ಒಂದು ಅಧ್ಯಾಯ ಮುಗಿಯಿತು ಎಂದಳು. ಟೇಲ್ ಬಿದ್ದ ದಿನಗಳಲ್ಲೂ ಅವನ ಕಡೆಯಿಂದ ಮೌನ, ಈ ವಾರವೂ ಮೌನ. ಹೊರಗಿನಿಂದ ನೋಡಿದರೆ ಟ್ರೀಟ್‌ಮೆಂಟ್ ಒಂದೇ. ಒಂದರಲ್ಲಿ ಯಾಕೆ ಎಂದು ಅವಳಿಗೆ ಗೊತ್ತಿರಲಿಲ್ಲ, ಇನ್ನೊಂದರಲ್ಲಿ ಗೊತ್ತಿತ್ತು, ಯಾವಾಗ ಮುಗಿಯುತ್ತದೆ ಎಂದೂ ಗೊತ್ತಿತ್ತು. ಈ ಇಡೀ ಪ್ರಕರಣದಲ್ಲಿ ಒಂದೇ ಒಂದು ಹೋಲಿಕೆಯನ್ನು ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ.

ನಡುವೆ ಹುಡುಗ ಇನ್ನೊಂದು ಅಳತೆ ತಂದ. ಅಮೆರಿಕದ ಜಾನ್ ಗಾಟ್‌ಮನ್ ದಂಪತಿಗಳ ಜಗಳವನ್ನು ರೆಕಾರ್ಡ್ ಮಾಡಿ, ಗಟ್ಟಿಯಾಗಿ ಉಳಿದ ಜೋಡಿಗಳಲ್ಲಿ ಜಗಳದ ನಡುವೆಯೂ ಒಂದು ಕಹಿ ಮಾತಿಗೆ ಐದು ಹಿತವಾದ ಮಾತು, ನಡೆ ಇರುತ್ತದೆ ಎಂದು ಹೇಳಿದವರು. ಅವನು ಅದನ್ನು ಎಣಿಸಲು ಹೊರಟ. ಅವಳು ಒಪ್ಪಲಿಲ್ಲ. ಎಣಿಸುತ್ತಾರೆ ಎಂದು ಗೊತ್ತಾದರೆ ಒಂದು ಬೈಗಳಿಗೆ ಮುಂಚಿತವಾಗಿ ಐದು ಹೊಗಳಿಕೆ ಜಮೆ ಮಾಡಿಡಬಹುದು, ಆಗ ಆ ಹೊಗಳಿಕೆಗೆ ಬೆಲೆ ಎಲ್ಲಿ ಎಂದಳು. ನಾನು ಅವಳ ಪಕ್ಷ. ಅಳತೆಯೇ ಗುರಿಯಾದ ಕೂಡಲೇ ಅಳತೆ ಕೆಡುತ್ತದೆ. ಅದಲ್ಲದೆ ಗಾಟ್‌ಮನ್ ಅವರ ವಿಚ್ಛೇದನದ ಭವಿಷ್ಯ ಹೇಳುವ ಸೂತ್ರಗಳನ್ನು, ಯಾರು ಬೇರೆಯಾದರು ಎಂದು ಗೊತ್ತಾದ ಮೇಲೆ ಅದೇ ಜೋಡಿಗಳ ಡೇಟಾಕ್ಕೆ ಹೊಂದಿಸಿದ್ದು ಎಂಬ ಟೀಕೆ ಇದೆ. ಸಂಖ್ಯಾಶಾಸ್ತ್ರದ ಮೇಷ್ಟ್ರಾಗಿ ಆ ಟೀಕೆ ಸರಿ ಎಂದೇ ನನಗೆ ಅನ್ನಿಸುತ್ತದೆ.

ಹುಡುಗನಿಗೆ ಅವಸರ ಇತ್ತು. ಪ್ರತಿ ಭಾನುವಾರ ಊಹೆ ಸುಧಾರಿಸಬೇಕು ಎಂದು ಕಾಯುತ್ತಿದ್ದ. ಆಗ ಅವಳು ಅವನ ಕೆಲಸದ ಮಾತನ್ನೇ ಹಿಡಿದಳು. ತೆಂಗಿನಲ್ಲಿ ಹೊಂಬಾಳೆಯ ಮೊಳಕೆ ಮರದ ಒಳಗೆ ಹುಟ್ಟಿ, ಹೊರಗೆ ಬಂದು ಅರಳಲು ಸುಮಾರು 32 ತಿಂಗಳು ಬೇಕು. ಅರಳಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಒಟ್ಟು 44 ತಿಂಗಳು. ಹಾಗಾಗಿ ಇವತ್ತು ಹಾಕಿದ ಗೊಬ್ಬರದ ಪೂರ್ತಿ ಪರಿಣಾಮ ನೋಡಲು ವರ್ಷಗಟ್ಟಲೆ ಕಾಯಬೇಕು. "ಮರಕ್ಕೆ ಅಷ್ಟು ತಾಳ್ಮೆ ಉಂಟು, ನನಗೆ ಯಾಕೆ ಇಲ್ಲ?" ಎಂದು ಕೇಳಿದಳು. ಅವನು ಆಮೇಲೆ ವಾರದ ಲೆಕ್ಕ ಬಿಟ್ಟ. ತಿಂಗಳಿಗೊಮ್ಮೆ ಮಾಡಿದರು. ನಡುವಿನ ದಿನಗಳಲ್ಲಿ ಸುಮ್ನೆ ಮಾತಾಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಊಹೆ ಸಹೋದ್ಯೋಗಿಯದಕ್ಕಿಂತ ಸ್ಪಷ್ಟವಾಗಿ ಮುಂದಿತ್ತು.

ಇಷ್ಟರಿಂದ ಮುಂದಿನ ಇಪ್ಪತ್ತು ವರ್ಷ ಹೇಗಿರುತ್ತದೆ ಎಂದು ಹೇಳಲಾಗದು. ಜೋಯೆಲ್ ಮತ್ತು ಅನೇಕ ಸಂಶೋಧಕರು 2020ರಲ್ಲಿ 43 ಅಧ್ಯಯನಗಳ, 11,000ಕ್ಕೂ ಹೆಚ್ಚು ಜೋಡಿಗಳ ಮಾಹಿತಿ ಸೇರಿಸಿ ನೋಡಿದರು. ಒಬ್ಬೊಬ್ಬರ ಸ್ವಭಾವಕ್ಕಿಂತ, ಸಂಬಂಧದ ಒಳಗೆ ಅವರಿಗೆ ಏನನ್ನಿಸುತ್ತದೆ ಎನ್ನುವುದೇ ಹೆಚ್ಚು ತಿಳಿಸಿತು. ಇನ್ನೊಬ್ಬರು ತನ್ನ ಕೈ ಬಿಡುವುದಿಲ್ಲ ಎಂಬ ನಂಬಿಕೆ, ತನಗೆ ಬೆಲೆ ಇದೆ ಎಂಬ ಭಾವನೆ, ಇಂಥವು. ಆದರೆ ಮುಂದೆ ಆ ಸಂಬಂಧ ಏರುತ್ತದೋ ಇಳಿಯುತ್ತದೋ ಎಂದು ಯಾವ ಮಾಹಿತಿಯಿಂದಲೂ ಹೆಚ್ಚೇನೂ ಹೇಳಲಾಗಲಿಲ್ಲ. ಇದನ್ನು ಇಬ್ಬರಿಗೂ ಓದಿಸಿದೆ. ಹುಡುಗನಿಗೆ ಇದರಿಂದ ನಿರಾಸೆಯಾಗಬಹುದು ಎಂದುಕೊಂಡಿದ್ದೆ. ಅವನಿಗೆ ಸಮಾಧಾನವಾಯಿತು.

ಈಗಿನ ಸ್ಥಿತಿ

ಕೆಲಸದ ಪ್ರಶ್ನೆ ಬಗೆಹರಿದದ್ದು ಪ್ರಯೋಗದಿಂದಲ್ಲ. ಒಂದು ದಿನ ಹುಡುಗಿ ಕೇಳಿದಳು, "ನಿನ್ನ ಅಮ್ಮನ ಉತ್ತರ ಏನು?" ಶೀಟಿನಲ್ಲಿ ತಾಯಿಯ ಕಾಲಂಗೆ ಅತಿ ಹೆಚ್ಚು ತೂಕ ಕೊಟ್ಟವನು ತಾಯಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಇಬ್ಬರೂ ಒಟ್ಟಿಗೆ ಹೋಗಿ ಕೇಳಿದರು. ಅವರು ಹೇಳಿದ್ದನ್ನು ಹುಡುಗ ನನಗೆ ಹಾಗೆಯೇ ಒಪ್ಪಿಸಿದ. "ನಾನು ತೋಟ ಬಿಟ್ಟು ಎಲ್ಲಿಗೂ ಬರುವುದಿಲ್ಲ ಮಗಾ. ಆದರೆ ನೀನು ಇಲ್ಲೇ ಕೂರಬೇಕು ಅಂತ ನಾನು ಯಾವಾಗ ಹೇಳಿದ್ದೇನೆ?"

ಶುಭಕಾರ್ಯ ಮಾಡದ ಆಟಿ ತಿಂಗಳು ಕಳೆದು ನಿಶ್ಚಿತಾರ್ಥ ಆಯಿತು. ಅದಕ್ಕೂ ಮೊದಲು ಹುಡುಗಿಯ ಸೋದರಮಾವ ಜಾತಕ ನೋಡಿಸಿದರು, ಕೂಡಿ ಬಂತು. ಹಿರಿಯರಿಗೆ ನೆಮ್ಮದಿ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಅವಳಿಗೆ ಹೊರಗಡೆ ಎರಡು ವರ್ಷದ ಫೆಲೋಶಿಪ್ ಸಿಕ್ಕಿದೆ. ಮದುವೆ ಆಗಿ ಅವಳು ಹೋಗುತ್ತಾಳೆ, ಅವನು ಸದ್ಯ ಇಲ್ಲೇ ಇರುತ್ತಾನೆ, ಎರಡು ವರ್ಷ ಆದ ಮೇಲೆ ಹೊರಗೆ ಅರ್ಜಿ ಹಾಕುವ ಸರದಿ ಅವನದ್ದು. ಹುಡುಗಿಯ ತಂದೆಗೆ ಈ ಏರ್ಪಾಡು ಪೂರ್ತಿ ಹಿಡಿಸಿಲ್ಲ. ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಎಂದರೆ ನೆಂಟರಿಗೆ ಏನು ಹೇಳುವುದು ಎನ್ನುತ್ತಾರೆ.

ಟಾಸ್ ಹಾಕಿದ ದಿನಗಳ ಶೀಟನ್ನು ಅವನು ಅಳಿಸಲು ಹೊರಟಿದ್ದ. ಅವಳು ಬೇಡ ಎಂದಳು. ಇಂಥ ಪ್ರಯೋಗಕ್ಕೆ ಕೈ ಹಾಕುವ ಬೇರೆ ಯಾರಾದರೂ ಬಂದರೆ ತೋರಿಸಲು ಇರಲಿ ಎಂದು ನನ್ನ ಹತ್ತಿರ ಇಡಿಸಿದ್ದಾರೆ. ಈ ತಿಂಗಳ ಪ್ರಶ್ನೆಗಳಲ್ಲಿ ಒಂದು ತೋಟದ್ದು. ಮದ್ದು ಬಿಡಲು, ಅಡಿಕೆ ಕೊಯ್ಯಲು ಜನ ಸಿಗುವುದಿಲ್ಲ, ಅವನೂ ಹೊರಗೆ ಹೋದರೆ ನೋಡಿಕೊಳ್ಳುವವರು ಯಾರು? ನಾಲ್ಕು ಉತ್ತರಗಳಲ್ಲಿ ಒಂದನ್ನೂ ಇಬ್ಬರೂ ಆರಿಸಲಿಲ್ಲ. ಈ ಸಲ ಮೂರನೇ ಕಾಗದವನ್ನು ತಾಯಿಗೆ ಕೊಟ್ಟಿದ್ದಾರೆ.